ಸಾಹುಕಾರರ ವಂಶಲಾಂಛನ

"ಮತ್ತ ಬಂದ್ರಲ್ರೀ ಸಾಹುಕಾರ್ರ! ಹಿಂಗ ಗಳಿಗೆಗೊಮ್ಮೆ ಬಂದ್ರ ನಾ ಹೊಲಿಯೋದು ಯಾವಾಗ?" ಎಂದು ಹೊಲಿಗೆಯ ಮಹಾನಂದಾ ಸೂಜಿ ಕೆಳಗಿಟ್ಟಳು.

ಶಾಲೆಯ ಅಧ್ಯಕ್ಷ ಚನ್ನಮಲ್ಲಪ್ಪ ಸಾಹುಕಾರರಿಗೆ ನಾಳೆ ಹೊಸ ಮನೆಯ ಗೃಹಪ್ರವೇಶ. ಅಷ್ಟರೊಳಗೆ ರೇಷ್ಮೆ ಬಟ್ಟೆಯ ಮೇಲೆ ಅವರ ವಂಶದ ಲಾಂಛನ ಸಿದ್ಧವಾಗಬೇಕು. ಇಲ್ಲದಿದ್ದರೆ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ ಅವಳ ಕೈತಪ್ಪುತ್ತದೆ. ಆನೆಯೇನೋ ಮುಗಿದಿತ್ತು. ಬೆಳಿಗ್ಗೆ ಬಂದು ಜೊತೆಗೆ ಸಿಂಹವೂ ಬೇಕೆಂದಿದ್ದರು, ಮಧ್ಯಾಹ್ನ ಬಂದು ಹುಲಿಯೂ ಬೇಕೆಂದಿದ್ದರು.

"ಮ್ಯಾಲ ಒಂದು ಹದ್ದೂ ಇರ್ಲಿ. ನಮ್ಮ ಮನೆತನದ ಶೌರ್ಯ ಕಾಣ್ಬೇಕು."

"ಆಗ್ಲಿರಿ. ನಾಳೆ ಇದನ್ನ ದೇವರ ಮುಂದಿಟ್ಟು ಪೂಜಿ ಮಾಡ್ತೀರಲ್ಲ, ನೈವೇದ್ಯ ಏನ್ರೀ?"

"ಹೋಳಿಗಿ."

"ಆನಿ ತಿಂತೈತ್ರಿ. ಉಳಿದ ಮೂರಕ್ಕ ಅಡಿಗಿಯವರಿಗೆ ಏನು ಮಾಡಾಕ ಹೇಳೀರಿ?"

ಮೊಟ್ಟೆಯ ಸಿಪ್ಪೆ ಕೂಡ ಹೊಸಿಲು ದಾಟಿ ಒಳಬಾರದ ಮನೆತನ ಅದು. ಸಾಹುಕಾರರು ಯಾರಾದರೂ ಕೇಳಿಸಿಕೊಂಡರೇ ಎಂದು ಹಿಂದೆ ತಿರುಗಿ ನೋಡಿದರು.

"ಶಿವಶಿವಾ! ಮೂರನ್ನೂ ಬಿಟ್ಟುಬಿಡು. ಆನಿ ಒಂದೇ ಸಾಕು."

ಅವಳು ನಗು ನುಂಗಿಕೊಂಡು ದಾರ ಕತ್ತರಿಸಿದಳು. ಬಾಗಿಲವರೆಗೆ ಹೋದ ಸಾಹುಕಾರರು ಮತ್ತೆ ಬಂದರು.

"ಅಲ್ಲವ್ವಾ, ಮರಿ ಇದ್ದಾಗಿಂದ ಹೋಳಿಗಿ ಹಾಕಿ ಬೆಳೆಸಿದ್ರ, ಸಿಂಹಾನೂ ತಿನ್ನೋದಿಲ್ಲೇನು?"