ಎಲೆಗೆ ನೀರು

ಹೊಳೆದಂಡೆಯ ಆ ಮಠದಲ್ಲಿ ಮೊಬೈಲ್ ಹಿಡಿಯುವುದು ತಪ್ಪಲ್ಲ, ಊಟದ ಪಂಕ್ತಿಯಲ್ಲಿ ಹಿಡಿದರೆ ಮಾತ್ರ ತಪ್ಪು. ಅಲ್ಲಿನ ಗುರುಗಳನ್ನು ಊರವರೆಲ್ಲ ಹೊಳೆಬುದ್ಧಿ ಅಂತಲೇ ಕರೆಯುತ್ತಿದ್ದರು.

ಮಠದಲ್ಲೇ ಉಂಡು, ಮಠದಲ್ಲೇ ಮಲಗಿ, ಕಾಲೇಜಿಗೆ ಹೋಗಿಬರುವವರಲ್ಲಿ ಗುರುಮಲ್ಲ ಅಂತೊಬ್ಬನಿದ್ದ. ಓದಿನಲ್ಲಿ ಸುಮಾರು, ಆಟದಲ್ಲಿ ಹುಲಿ. ಹುಲಿ ಅಂತ ಅವನೇ ಹೇಳಿಕೊಂಡಿದ್ದು, ಬಿಡಿ.

ಒಂದು ಹುಣ್ಣಿಮೆಯ ಬೆಳಿಗ್ಗೆ ಅವನು ಮುಖ ಹುಳ್ಳಗೆ ಮಾಡಿಕೊಂಡು ಬಂದು ಬುದ್ಧಿಯವರ ಮುಂದೆ ಕೂತ.

“ಏನಪ್ಪಾ, ಹುಣಿಸೇಕಾಯಿ ಕಚ್ಚಿದೆಯಾ?”

“ನಾಳೆ ಪೇಟೆ ಕಾಲೇಜಿನವರು ನಮ್ಮ ಜೊತೆ ಪಂದ್ಯ ಆಡೋಕೆ ಇಲ್ಲಿಗೇ ಬರ್ತಾ ಇದ್ದಾರೆ ಬುದ್ಧಿ. ಹೋದ ವರ್ಷ ಅವರ ಕೈಲಿ ಸೋತಾಗ ಊರೆಲ್ಲ ನಕ್ಕಿತ್ತು. ಈ ಸಲಾನೂ ಸೋತರೆ ನಾನು ತಲೆ ಎತ್ಕೊಂಡು ಓಡಾಡೋಕಾಗಲ್ಲ. ಅದಕ್ಕೆ ಮಾದೂನ ತಂಡದಿಂದ ತೆಗೀತೀನಿ.”

ಮಾದು ಅಂದರೆ ಗುರುಮಲ್ಲನ ಜೊತೆಗೇ ಮಠಕ್ಕೆ ಬಂದವನು. ಇಬ್ಬರೂ ಒಂದೇ ಚಾಪೆಯ ಮೇಲೆ ಮಲಗಿ ದೊಡ್ಡವರಾದವರು. ಹಾಗಾಗಿ ಆ ಮಾತು ಹೇಳುವುದು ಗುರುಮಲ್ಲನಿಗೆ ಸುಲಭವಾಗಿರಲಿಲ್ಲ. ಆದರೂ ಹೇಳಿಬಿಟ್ಟ.

“ಅವನೇನು ಮಾಡಿದ?”

“ಏನೂ ಮಾಡಲ್ಲ, ಅದೇ ಕಷ್ಟ! ಇಷ್ಟು ದಿನ ಆಡಿದ್ದಾನೆ, ಇನ್ನೂ ಒಬ್ಬನ್ನೂ ಹೊಡೆದಿಲ್ಲ.”

“ನನಗೆ ನಿಮ್ಮ ಆಟ ಗೊತ್ತಿಲ್ಲ ಕಣಪ್ಪ. ಬಿಡಿಸಿ ಹೇಳು.”

“ಮೊಬೈಲಲ್ಲಿ ಆಡೋದು ಬುದ್ಧಿ. ನಾವು ಐದು ಜನ, ಅವರು ಐದು ಜನ. ನಮಗೊಂದು ಕೋಟೆ, ಅವರಿಗೊಂದು ಕೋಟೆ. ನಡುವಿನ ಬಯಲಲ್ಲಿ ಒಂದು ಪಂಜು ಉರೀತಿರುತ್ತೆ. ಅದನ್ನ ಒಯ್ದು ಅವರ ಕೋಟೆಯೊಳಗಿನ ದೀಪ ಹಚ್ಚಬೇಕು. ಪಂಜು ಹಿಡಿದವನು ಕತ್ತಿ ಎತ್ತೋ ಹಾಗಿಲ್ಲ. ಮಾದು ಯಾವಾಗ್ಲೂ ಪಂಜು ಹಿಡೀತಾನೆ. ನಾವು ನಾಲ್ವರು ಹೊಡೆದಾಡೋಕೆ ಹೋಗ್ತೀವಿ. ಅಷ್ಟರಲ್ಲಿ ಅವನು ಒಬ್ಬನೇ ಸಿಕ್ಕಿಹಾಕ್ಕೊಂಡು ಸಾಯ್ತಾನೆ.”

“ನೀನು ಹೊಡೆದವರು?”

“ಅವರೂ ಸಾಯ್ತಾರೆ.”

“ಸತ್ತ ಮೇಲೆ?”

“ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬರ್ತಾರೆ.”

“ಅಯ್ಯೋ ಶಿವನೇ! ಮತ್ತೆ ಹೊಡೆದು ಏನು ಬಂತು?”

“ಅಂಕ ಬರುತ್ತೆ ಬುದ್ಧಿ. ನನ್ನ ಅಂಕ ಯಾರಿಗೂ ಇಲ್ಲ.”

“ಅಂಕ ಜಾಸ್ತಿ ಇದ್ದೋರು ಗೆಲ್ತಾರಾ?”

ಗುರುಮಲ್ಲ ತಲೆ ಕೆರೆದುಕೊಂಡ. “ಇಲ್ಲ. ದೀಪ ಹಚ್ಚಿದೋರು ಗೆಲ್ತಾರೆ.”

ಬುದ್ಧಿಯವರು ನಗಲೂ ಇಲ್ಲ, ಬೈಯಲೂ ಇಲ್ಲ. “ಇವತ್ತು ಹುಣ್ಣಿಮೆ, ಭಕ್ತರು ಜಾಸ್ತಿ. ಪಂಕ್ತಿಗೆ ನಿನ್ನ ತಂಡದೋರೇ ಬಡಿಸಿ. ಮಾದು ಬೇಡ ಅಂದ್ಯಲ್ಲ, ಅವನು ನನ್ನ ಪಕ್ಕ ಕೂತಿರ್ಲಿ,” ಅಂದರು.

ಮಧ್ಯಾಹ್ನ ಎಲೆ ಹಾಸಿದರು. ಬಡಿಸುವುದರಲ್ಲೂ ಹುಲಿ ಯಾವುದು, ಇಲಿ ಯಾವುದು ಅಂತ ಇರುತ್ತದೆ ನೋಡಿ. ಹೋಳಿಗೆ ಹಿಡಿದವನಿಗೆ “ಬಾರಪ್ಪ, ನೂರು ವರ್ಷ ಬಾಳು” ಅಂತ ಹರಕೆ ಸಿಗುತ್ತದೆ. ಗುರುಮಲ್ಲ ಮೊದಲೇ ಹೋಳಿಗೆ ಬುಟ್ಟಿಗೆ ಕೈ ಹಾಕಿದ. ಇನ್ನೊಬ್ಬ ತುಪ್ಪ ಹಿಡಿದ, ಮತ್ತೊಬ್ಬ ಪಾಯಸ, ಮಗದೊಬ್ಬ ಪಲ್ಯ.

ಗುರುಮಲ್ಲ ಎದೆಯುಬ್ಬಿಸಿಕೊಂಡು ಪಂಕ್ತಿಯ ತುದಿಗೆ ಬಂದ. ಮೊದಲ ಎಲೆಯ ಅಜ್ಜ ಎಲೆಯ ಮೇಲೆ ಅಂಗೈ ಅಡ್ಡ ಇಟ್ಟರು.

“ಹೋಳಿಗೆ ತಾತ!”

“ಕಾಣಿಸ್ತದಪ್ಪ. ಎಲೆ ತೊಳೆದಿಲ್ಲ.”

ಎರಡನೇ ಎಲೆ, ಮೂರನೇ ಎಲೆ, ಅಲ್ಲೂ ಅಂಗೈ ಅಡ್ಡ. ಸಾಲಿನ ಉದ್ದಕ್ಕೂ ಎಲ್ಲರೂ ನೀರು ಬೀಳದ ಎಲೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಘಮಘಮ ಅನ್ನುವ ಬುಟ್ಟಿ ಹೊತ್ತು ಗುರುಮಲ್ಲ ಪಂಕ್ತಿಯ ಕೊನೆ ಮುಟ್ಟಿದ. ಒಂದೇ ಒಂದು ಹೋಳಿಗೆಯೂ ಖರ್ಚಾಗಿರಲಿಲ್ಲ.

ಕೊನೆಯಲ್ಲಿ ಕೂತಿದ್ದ ಅಜ್ಜಿ ಕನಿಕರದಿಂದ ಕೇಳಿದರು, “ದಿನಾ ನೀರು ಹಾಕ್ತಿದ್ದ ಮಗ ಎಲ್ಲಪ್ಪ ಇವತ್ತು? ಹುಷಾರಾಗಿದ್ದಾನಾ?”

ಗುರುಮಲ್ಲನಿಗೆ ನಾಚಿಕೆಯಾಯಿತು. ಅಷ್ಟು ವರ್ಷ ಅದೇ ಪಂಕ್ತಿಯಲ್ಲಿ ಉಂಡಿದ್ದ, ಎಲೆಗೆ ನೀರು ಹಾಕುವವನು ಯಾರು ಅಂತ ಒಂದು ದಿನವೂ ಕತ್ತೆತ್ತಿ ನೋಡಿರಲಿಲ್ಲ.

ಅವನು ತಿರುಗಿ ನೋಡಿದ. ಮಾದು ಆಗಲೇ ಎದ್ದು ಚೊಂಬು ಹುಡುಕುತ್ತಿದ್ದ. ಬುದ್ಧಿಯವರು ಅವನನ್ನು ತಡೆಯಲಿಲ್ಲ.

ಊಟವಾದ ಮೇಲೆ ಗುರುಮಲ್ಲ ಹೊಳೆಯ ಮೆಟ್ಟಿಲಿಗೆ ಬಂದ. ಬುದ್ಧಿಯವರು ಅಲ್ಲಿ ಪಾದ ನೆನೆಸಿಕೊಂಡು ಕೂತಿದ್ದರು.

“ಮಾದೂನ ತೆಗೆಯಲ್ಲ ಬುದ್ಧಿ. ತಪ್ಪಾಯ್ತು.”

“ಸರಿ.”

“ಆದರೆ ನಾಳೆ ನಾನೇನು ಮಾಡ್ಲಿ? ಹೊಡೆಯೋದು ಬಿಟ್ಟು ನನಗೆ ಇನ್ನೇನೂ ಬರಲ್ಲ.”

ಆಗ ಮೆಟ್ಟಿಲ ಮೇಲಿನಿಂದ ಕಿರುಚಾಟ ಕೇಳಿಸಿತು. ಗುಡಿಗೆ ಹೊರಟ ಹೆಂಗಸರು ಹಣ್ಣುಕಾಯಿ ಬುಟ್ಟಿ ಎದೆಗವಚಿಕೊಂಡು ನಿಂತಿದ್ದರು. ದಾರಿ ತುಂಬ ಕೋತಿಗಳು. ಗುರುಮಲ್ಲ ಕೋಲು ಹುಡುಕಿದ.

“ಕೋಲು ಯಾಕೆ?” ಅನ್ನುತ್ತ ಬುದ್ಧಿಯವರು ಪಕ್ಕದಲ್ಲಿದ್ದ ಬಾಳೆಚಿಪ್ಪು ತೆಗೆದು ಅವನ ತಲೆಯ ಮೇಲಿಟ್ಟರು. “ಇದನ್ನ ಹೊತ್ಕೊಂಡು ಅರಳಿಕಟ್ಟೆ ತನಕ ಓಡು.”

“ನನ್ನ ಮೇಲೆ ಬೀಳ್ತವೆ ಬುದ್ಧಿ!”

“ಬೀಳ್ಲಿ ಅಂತಾನೇ.”

ಗುರುಮಲ್ಲ ಓಡಿದ. ಅಬ್ಬಬ್ಬಾ, ಅದೇನು ಓಟ! ಕೋತಿ ಹಿಂಡು ಗುರ್ ಅಂತ ಅವನ ಬೆನ್ನು ಹತ್ತಿತು. ಅರಳಿಕಟ್ಟೆಯ ಹತ್ತಿರ ಹಣ್ಣನ್ನೂ ಬಿಟ್ಟ, ಹೆಗಲ ಮೇಲಿನ ಟವೆಲನ್ನೂ ಬಿಟ್ಟ. ಏದುಸಿರು ಬಿಡುತ್ತ ವಾಪಸು ಬಂದಾಗ ಮೆಟ್ಟಿಲು ಖಾಲಿಯಾಗಿತ್ತು, ಮೇಲೆ ಗುಡಿಯ ಗಂಟೆ ಕೇಳಿಸುತ್ತಿತ್ತು.

“ಎಷ್ಟು ಕೋತಿ ಹೊಡೆದೆ?” ಅಂತ ಕೇಳಿದರು ಬುದ್ಧಿಯವರು.

“ಒಂದೂ ಇಲ್ಲ.”

“ಬುಟ್ಟಿ?”

ಗುರುಮಲ್ಲ ಗುಡಿಯ ಕಡೆ ತಿರುಗಿ ನೋಡಿದ, ಬುಟ್ಟಿಗಳೆಲ್ಲ ಆಗಲೇ ಮೇಲೆ ಮುಟ್ಟಿದ್ದವು. ಆಮೇಲೆ ನಕ್ಕ, ಹೊಟ್ಟೆ ತುಂಬ ನಕ್ಕ.

“ನಾಳೆಗೂ ಹೋಳಿಗೆ ಮಾಡಿ ಅಂತ ಅಡುಗೆಯವರಿಗೆ ಹೇಳಿಬಿಡು,” ಅಂದರು ಬುದ್ಧಿಯವರು.

“ಒಂದು ವೇಳೆ ಸೋತರೆ ಬುದ್ಧಿ?”

“ಸೋತರೆ ಹಸಿವಾಗಲ್ವಾ?”

ಮರುದಿನ ಮಠದ ಹಜಾರದಲ್ಲಿ ಎರಡೂ ತಂಡದವರು ಎದುರುಬದುರು ಕೂತರು, ಸುತ್ತ ಊರವರು ನೆರೆದರು. ಪೇಟೆಯವರ ನಾಯಕ ಪೃಥ್ವಿ, ಮಾತು ಜೋರು, ಕೈ ಅದಕ್ಕಿಂತ ಜೋರು. ಅವನ ತಂಡದವರಿಗೆಲ್ಲ ಗುರುಮಲ್ಲನ ತಲೆ ಬೇಕಿತ್ತು. ಹುಲಿ ಹೊಡೆದರೆ ತಾನೇ ಹೆಸರು!

ಆಟ ಶುರುವಾಯಿತು. ಗುರುಮಲ್ಲನ ತಂಡದ ಮೂವರು ತಮ್ಮ ಕೋಟೆಯ ಬಾಗಿಲು ಹಿಡಿದು ಅಲ್ಲಾಡದೆ ನಿಂತರು. ಮಾದು ಪಂಜು ಎತ್ತಿಕೊಂಡು ಪೊದೆಯ ಮರೆಗೆ ಸೇರಿದ. ಗುರುಮಲ್ಲ ಬಯಲಿನ ನಟ್ಟನಡುವೆ ಹೋಗಿ, ಅವರೈವರಿಗೂ ಕಾಣುವ ಹಾಗೆ ಒಂದು ಸುತ್ತು ಹಾಕಿದ. ಆಮೇಲೆ ಬೆನ್ನು ತಿರುಗಿಸಿ ಓಡಿದ.

ಐವರೂ ಅವನ ಹಿಂದೆ ಬಿದ್ದರು.

“ಲೇ ಹೇಡಿ, ನಿಲ್ಲೋ!” ಹಜಾರ ಮೊಳಗುವ ಹಾಗೆ ಪೃಥ್ವಿ ಕೂಗಿದ.

ಗುರುಮಲ್ಲನ ಕಿವಿ ಕೆಂಪಾಯಿತು. ಕೈ ತುರಿಸಿತು. ಕತ್ತಿಯ ಗುಂಡಿ ಹೆಬ್ಬೆರಳ ಕೆಳಗೇ ಇತ್ತು. ತಿರುಗಿ ನಿಂತರೆ ಇಬ್ಬರನ್ನಾದರೂ ಕೆಡವಬಹುದಿತ್ತು, ಊರವರು ಚಪ್ಪಾಳೆ ತಟ್ಟುತ್ತಿದ್ದರು. ಹೆಬ್ಬೆರಳು ಇನ್ನೇನು ಒತ್ತಬೇಕು.

“ಮಲ್ಲಾ,” ಪಕ್ಕದಲ್ಲೇ ಕೂತಿದ್ದ ಮಾದು ಮೆಲ್ಲಗೆ ಅಂದ, “ಇನ್ನೊಂಚೂರು ಓಡೋ.”

ಗುರುಮಲ್ಲನಿಗೆ ತಲೆಯ ಮೇಲೆ ಬಾಳೆಚಿಪ್ಪು ಇದ್ದ ಹಾಗೇ ಅನ್ನಿಸಿತು. ಹೆಬ್ಬೆರಳು ಎತ್ತಿದ. ಓಡಿದ.

ಕಾವಲಿಲ್ಲದ ಕೋಟೆಯ ಬಾಗಿಲು ದಾಟಿ ಮಾದು ಒಳಗೆ ಹೋದ, ತನ್ನ ಮನೆಗೆ ಹೋಗುವವನ ಹಾಗೆ. ದೀಪ ಹೊತ್ತಿತು. ಪೃಥ್ವಿ ಆಗಲೂ ಗುರುಮಲ್ಲನನ್ನು ಅಟ್ಟಿಸಿಕೊಂಡು ಹೋಗುತ್ತಲೇ ಇದ್ದ.

ಗುರುಮಲ್ಲ ಮಾದುವನ್ನು ಎತ್ತಿ ಕುಣಿದ. ತನ್ನ ಅಂಕ ಸೊನ್ನೆ ಅಂತ ಅವನಿಗೆ ನೆನಪೇ ಆಗಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂತ ಊರವರು ಆಡಿಕೊಂಡು ನಕ್ಕರು. ಈ ಸಲದ ನಗು ಅವನಿಗೆ ಇಷ್ಟವಾಯಿತು.

ಊಟಕ್ಕೆ ಎಲೆ ಹಾಸಿದರು. ಪೇಟೆಯವರೂ ಪಂಕ್ತಿಯಲ್ಲಿ ಕೂತರು, ಬುದ್ಧಿಯವರು ಕರೆದರೆ ಇಲ್ಲ ಅನ್ನೋಕಾಗುತ್ತಾ? ಮಾದು ನೀರಿನ ಚೊಂಬಿಗೆ ಕೈ ಚಾಚಿದ. ಗುರುಮಲ್ಲ ಅದನ್ನು ಕಿತ್ತುಕೊಂಡ.

“ಹೋಳಿಗೆ ಬುಟ್ಟಿ ನೀನು ಹಿಡ್ಕೊಳೋ. ನನ್ನ ಹಿಂದೆ ಬಾ.”

ಒಂದೊಂದೇ ಎಲೆಗೆ ನೀರು ಹಾಕುತ್ತ ಅವನು ಪೃಥ್ವಿಯ ಮುಂದೆ ಬಂದ. ಪೃಥ್ವಿ ಮುಖ ಊದಿಸಿಕೊಂಡು ಎಲೆಯ ಮೇಲೆ ಅಂಗೈ ಅಡ್ಡ ಇಟ್ಟ.

“ಎದುರಿಗೆ ನಿಂತು ಒಂದು ಏಟೂ ಹೊಡೀಲಿಲ್ಲ. ಇದೂ ಒಂದು ಗೆಲುವಾ?”

ಗುರುಮಲ್ಲನಿಗೆ ಸಿಟ್ಟು ಬರಲಿಲ್ಲ, ಅದು ಅವನಿಗೇ ಆಶ್ಚರ್ಯ. ನಿನ್ನೆಯ ತನ್ನ ಮುಖವೇ ಎದುರಿಗೆ ಕೂತ ಹಾಗಿತ್ತು. ಚೊಂಬು ಬಗ್ಗಿಸಿಕೊಂಡು ಹಾಗೇ ಕಾದು ನಿಂತ. ಅವನ ಹಿಂದೆ ಮಾದು ಬುಟ್ಟಿ ಹಿಡಿದು ನಿಂತ.

ಬುದ್ಧಿಯವರು ಕೂತಲ್ಲಿಂದಲೇ ಅಂದರು:

“ಕೈ ತೆಗಿ ಮಗ. ನೀರು ಬಂದಿದೆ.”