ನಂಗು ಮೀನಿನ ಕಣ್ಣು ಮೇಲೇರಿದ್ದು

ಭೂಮಿ ಇನ್ನೂ ಹಸಿಹಸಿಯಾಗಿತ್ತು. ಕಡಲಿಗೆ ಉಪ್ಪು ಬೆರೆಸಿ ಹೆಚ್ಚು ದಿನ ಆಗಿರಲಿಲ್ಲ. ಮೀನು ಮಾತಾಡಿದರೆ ಮನುಷ್ಯನಿಗೆ ಕೇಳಿಸುತ್ತಿತ್ತು, ಮನುಷ್ಯ ಮಾತಾಡಿದರೆ ಮೀನಿಗೆ. ಹಾಗೆ ಕೇಳಿಸಿದ್ದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ, ಅದು ಬೇರೆ ಮಾತು.

ಆಗಿನ ನಂಗು ಮೀನು ಈಗಿನ ಹಾಗೆ ಚಪಾತಿಯಂತೆ ಮರಳಿನಲ್ಲಿ ಬಿದ್ದುಕೊಂಡಿರುತ್ತಿರಲಿಲ್ಲ. ಎಲ್ಲ ಮೀನುಗಳ ಹಾಗೆ ನೆಟ್ಟಗೆ ಈಜುತ್ತಿದ್ದ. ಎಡಗಡೆ ಒಂದು ಕಣ್ಣು, ಬಲಗಡೆ ಒಂದು ಕಣ್ಣು. ನೇರವಾದ ಬಾಯಿ. ಯಾರು ಏನು ಹೇಳಿದರೂ ನಂಬುತ್ತಿದ್ದ. ಅವನಿಗಿದ್ದ ರೋಗ ಅದೊಂದೇ.

ಅವನಿಗೊಬ್ಬಳು ತಂಗಿ ಇದ್ದಳು, ರಾವಸ ಮೀನು. ಒಡಹುಟ್ಟಿದವಳಲ್ಲ, ಒಟ್ಟಿಗೆ ಬೆಳೆದವಳು. ಬೆಳ್ಳಿಯಂಥ ಮೈ, ಬಾಲದಲ್ಲಿ ಬಹಳ ಬಲ. ಮಳೆಗಾಲ ಮುಗಿದ ಕೂಡಲೇ ಅವಳು ಅಳಿವೆಯನ್ನು ದಾಟಿ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯನ್ನು ದಾಟಿ, ಸಿಹಿನೀರಿಗೆ ಹೋಗಿ ಮೊಟ್ಟೆ ಇಡಬೇಕಿತ್ತು. ಹೊಳೆ ಅವಳಿಗಾಗಿ ಕಾಯುತ್ತಿತ್ತು.

ದಡದಲ್ಲಿ ಜಟ್ಟಿ ಅನ್ನುವ ಮೀನುಗಾರನಿದ್ದ. ಅವನ ಹೆಂಡತಿ ಹೊನ್ನಿ. ಮೂರು ಮಕ್ಕಳು. ಆ ದಡದವರಿಗೆ ಒಂದು ಪದ್ಧತಿಯಿತ್ತು. ಗಾಳ ಹಾಕುವ ಮೊದಲು ಮನೆಯಲ್ಲಿ ಎಷ್ಟು ಹೊಟ್ಟೆ ಅಂತ ಕಡಲಿಗೆ ಕೂಗಿ ಹೇಳಬೇಕು.

“ಕಡಲಮ್ಮಾ, ಐದು ಹೊಟ್ಟೆ!” ಅಂತ ಜಟ್ಟಿ ಕೂಗುತ್ತಿದ್ದ.

“ಆಯ್ತು, ಹಾಕು,” ಅನ್ನುತ್ತಿದ್ದಳು ಕಡಲಮ್ಮ.

ಐದು ಹೊಟ್ಟೆಗೆ ಐದು ಮೀನು. ಆರನೆಯದು ಬಂದರೆ ಗಾಳವೇ ಜಾರುತ್ತಿತ್ತು. ಮೀನುಗಳಿಗೆ ಸಾಯಲು ಇಷ್ಟವಿತ್ತು ಅಂತಲ್ಲ. ಆದರೆ ಹಸಿವು ಅಂದರೆ ಏನು ಅಂತ ಅವಕ್ಕೂ ಗೊತ್ತಿತ್ತು. ಅವೂ ತಮಗಿಂತ ಸಣ್ಣ ಮೀನನ್ನು ತಿಂದೇ ಬದುಕುತ್ತಿದ್ದವು.

ಒಂದು ದಿನ ಜಟ್ಟಿ ಹೊಟ್ಟೆ ತುಂಬ ಉಂಡ. ಮಕ್ಕಳೂ ಉಂಡರು. ಹೊನ್ನಿ ಪಾತ್ರೆ ತೊಳೆದಿಟ್ಟಳು. ಜಟ್ಟಿಗೆ ನಿದ್ದೆ ಬರಲಿಲ್ಲ, ಕೈ ಸುಮ್ಮನಿರಲಿಲ್ಲ. ಗಾಳ ಎತ್ತಿಕೊಂಡು ಹೋಗಿ ಬಂಡೆಯ ಮೇಲೆ ಕೂತ.

“ಎಷ್ಟು ಹೊಟ್ಟೆ ಜಟ್ಟಿ?” ಅಂತ ಕಡಲಮ್ಮ ಕೇಳಿದಳು.

“ಒಂದೂ ಇಲ್ಲ ಕಡಲಮ್ಮ. ಸುಮ್ನೆ, ಹೊತ್ತು ಹೋಗ್ಲಿ ಅಂತ. ಹಿಡೀತೇನೆ, ಬಿಡ್ತೇನೆ.”

ಕಡಲಮ್ಮ ಯೋಚಿಸಿದಳು. ಹೊಟ್ಟೆಯಿಲ್ಲ ಅಂದರೆ ಸಾವಿಲ್ಲ. ಸಾವಿಲ್ಲ ಅಂದರೆ ತೊಂದರೆ ಏನು? “ಹಾಗಾದ್ರೆ ಹಾಕು,” ಅಂದುಬಿಟ್ಟಳು. ಈ ಕಥೆ ಹೇಳುವಾಗೆಲ್ಲ ನನಗೆ ಇಲ್ಲಿ ಕೋಪ ಬರುತ್ತದೆ. ಇಷ್ಟು ದೊಡ್ಡ ಕಡಲಿಗೆ ಇಷ್ಟು ಸಣ್ಣ ವಿಷಯ ತಿಳಿಯಬಾರದಿತ್ತೇ?

ಅವತ್ತು ಗಾಳಕ್ಕೆ ಸಿಕ್ಕಿದವನು ನಂಗು. ಜಟ್ಟಿ ದಾರ ಎಳೆದ, ಸಡಿಲ ಬಿಟ್ಟ, ಮತ್ತೆ ಎಳೆದ. ನಂಗು ಒದ್ದಾಡಿದಷ್ಟೂ ಅವನಿಗೆ ನಗು. ಕೊನೆಗೆ ಮೇಲೆತ್ತಿ, “ಹೊನ್ನೀ, ನೋಡೇ, ಎಷ್ಟು ಚಂದ!” ಅಂತ ತೋರಿಸಿದ. ಗಾಳ ಬಿಡಿಸಿ ನೀರಿಗೆ ಬಿಟ್ಟ.

ತುಟಿ ಹರಿದಿತ್ತು. ಆದರೆ ನಂಗುವಿಗೆ ಹರಿದದ್ದು ನೆನಪುಳಿಯಲಿಲ್ಲ, ಬಿಟ್ಟದ್ದು ಮಾತ್ರ ಉಳಿಯಿತು. “ಜಟ್ಟಿ ಎಷ್ಟು ಒಳ್ಳೆಯವ ಗೊತ್ತುಂಟಾ! ಹಿಡಿದವ ತಿನ್ಲಿಲ್ಲ, ಬಿಟ್ಟ!” ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಗಾಳಿ ಸುಮ್ಮನಿದ್ದೀತೇ? ಸುದ್ದಿಯನ್ನು ಊರೂರಿಗೆ ಹೊತ್ತುಕೊಂಡು ಹೋಯಿತು. ಜನ ಬಂದರು. ಚಾಪೆ ತಂದರು, ಅವಲಕ್ಕಿ ಕಟ್ಟಿಕೊಂಡು ಬಂದರು. ಅಳಿವೆಯ ಎರಡೂ ದಡದಲ್ಲಿ ಸಾಲಾಗಿ ಕೂತು ಗಾಳ ಹಾಕಿದರು. ಯಾರ ಮೀನು ಹೆಚ್ಚು ಹೊತ್ತು ಒದ್ದಾಡುತ್ತದೋ ಅವನೇ ಶೂರ. ಒದ್ದಾಡುವುದು ಮೀನು, ಶೂರ ಮಾತ್ರ ಅವನು! ಹೊಟ್ಟೆ ಎಷ್ಟು ಅಂತ ಕೂಗುವುದನ್ನು ಎಲ್ಲರೂ ಬಿಟ್ಟೇಬಿಟ್ಟರು.

ಮಳೆಗಾಲ ಮುಗಿಯಿತು. ರಾವಸಳ ಹೊಟ್ಟೆ ಮೊಟ್ಟೆಗಳಿಂದ ತುಂಬಿತು. “ಬಾ ಮಗಳೇ, ನೀರು ಇಳೀತಾ ಉಂಟು, ಬೇಗ ಬಾ,” ಅಂತ ಹೊಳೆ ಕರೆಯಿತು.

ರಾವಸ ಅಳಿವೆಯಲ್ಲಿ ಇಳಿಬಿದ್ದ ದಾರಗಳನ್ನು ನೋಡಿದಳು. “ಅಣ್ಣಾ, ನಾನು ಬಂಡೆಗಳ ಹಿಂದಿನಿಂದ ಸುತ್ತಿಹೋಗ್ತೇನೆ. ಎರಡು ದಿನ ಹೆಚ್ಚಾದ್ರೂ ಅಡ್ಡಿಲ್ಲ.”

“ಎಂತಕ್ಕೆ ಸುತ್ತು? ಹೊಟ್ಟೆ ಹೊತ್ಕೊಂಡು ಅಷ್ಟು ದೂರ ಹೋಗ್ತೀಯಾ? ನೇರ ಹೋಗು. ಗಾಳಕ್ಕೆ ಸಿಕ್ಕಿದ್ರೂ ಜಟ್ಟಿ ಬಿಡ್ತಾನೆ. ನನ್ನನ್ನು ಬಿಡ್ಲಿಲ್ವಾ?”

“ನಿನ್ನ ಹೊಟ್ಟೇಲಿ ಮೊಟ್ಟೆ ಇರ್ಲಿಲ್ಲ ಅಣ್ಣಾ.”

“ನನ್ನ ಮಾತು ನಂಬು ತಂಗೀ.”

ಅವಳು ನಂಬಿದಳು. ಜಟ್ಟಿಯನ್ನಲ್ಲ, ಅಣ್ಣನನ್ನು.

ಅಳಿವೆಯ ನಡುವೆ ಗಾಳ ಕಚ್ಚಿಕೊಂಡಿತು. ಅದು ಜಟ್ಟಿಯ ಗಾಳವೇ. ಅಷ್ಟು ದೊಡ್ಡ ಮೀನು ಆ ದಡದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಜನ ಎದ್ದು ನಿಂತರು. ರಾವಸ ನೀರಿನಿಂದ ಮೇಲಕ್ಕೆ ಹಾರಿದಳು. ಜನ ಹೋ ಅಂದರು.

“ಇನ್ನೇನು ಬಿಡ್ತಾನೆ ತಂಗೀ,” ಅಂದ ನಂಗು.

ಅವಳು ಆಳಕ್ಕೆ ನುಗ್ಗಿದಳು. ಜಟ್ಟಿ ದಾರ ಬಿಟ್ಟು ಮತ್ತೆ ಎಳೆದ. ಜನ ಹೋ ಅಂದರು.

“ಇನ್ನೇನು ಬಿಡ್ತಾನೆ ತಂಗೀ,” ಅಂದ ನಂಗು.

ಬೆಳಿಗ್ಗೆ ಶುರುವಾದದ್ದು ಸೂರ್ಯ ನೆತ್ತಿಗೆ ಬಂದರೂ ಮುಗಿಯಲಿಲ್ಲ. ಅವಳ ಬಾಲ ಸೋತಿತು. ಕಿವಿರು ಬಿರಿದಿತ್ತು. ಜನ ಮತ್ತೂ ಹೋ ಅಂದರು.

“ಇನ್ನೇನು ಬಿಡ್ತಾನೆ...” ಅಂದ ನಂಗು. ಈ ಸಲ ಅವನ ದನಿ ಅವನಿಗೇ ಕೇಳಿಸಲಿಲ್ಲ.

ಜಟ್ಟಿ ನಿಜವಾಗಿಯೂ ಬಿಟ್ಟ. ಮೊದಲು ಅವಳನ್ನು ಬಿಸಿಲಿಗೆ ಎತ್ತಿ ಹಿಡಿದ. ಒಬ್ಬೊಬ್ಬರೇ ಬಂದು ಮುಟ್ಟಿ ನೋಡಿದರು. ಜಟ್ಟಿ ತನ್ನ ತೋಳಿನ ಪಕ್ಕದಲ್ಲಿಟ್ಟು ಉದ್ದ ಅಳೆದ. ಆಮೇಲೆ ಎರಡೂ ಕೈಯಲ್ಲಿ ಮೆಲ್ಲಗೆ ನೀರಿಗಿಳಿಸಿ, “ಹೋಗು ತಾಯೀ, ನಿನ್ನ ದಾರಿ ನೋಡ್ಕೋ,” ಅಂದ. ಎಂಥ ದೊಡ್ಡ ಮನಸ್ಸು ಅಂತ ಜನ ಹೊಗಳಿದರು. ಆಮೇಲೆ ಎಲ್ಲರೂ ಊಟಕ್ಕೆ ಹೋದರು.

ರಾವಸ ಹೊಳೆಯ ಕಡೆ ತಲೆ ತಿರುಗಿಸಿದಳು. ಬಾಲ ಮಾತು ಕೇಳಲಿಲ್ಲ. ನಂಗು ಅವಳ ಹೊಟ್ಟೆಯಡಿಗೆ ತನ್ನ ಬೆನ್ನು ಕೊಟ್ಟು ದೂಡಿದ. “ಇಲ್ಲೇ ಉಂಟು ತಂಗೀ, ಹತ್ತು ಮಾರು ಅಷ್ಟೇ.” ಹೊಳೆಯೂ ತನ್ನಿಂದಾದಷ್ಟು ಕೆಳಗಿಳಿದು, “ಬಾ ಮಗಳೇ, ಬಾ,” ಅಂದಿತು.

“ಅಣ್ಣಾ, ನೀನು ಹೇಳಿದ ಹಾಗೇ ಬಿಟ್ಟ,” ಅಂದಳು ರಾವಸ. ಬೇರೆ ಏನೂ ಹೇಳಲಿಲ್ಲ. ಮೊಟ್ಟೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮರಳಿಗೆ ಇಳಿದು ಸತ್ತಳು.

ನಂಗು ದಡದ ಹತ್ತಿರ ಬಂದು ಕೂಗಿದ. “ಜಟ್ಟೀ, ನನ್ನ ತಂಗಿ ಸತ್ತಳು!”

ಜಟ್ಟಿ ಉಂಡು ಕೈ ತೊಳೆಯುತ್ತಿದ್ದ. “ಹೌದಾ? ನಾನು ಜೀವ ಇದ್ದಾಗ್ಲೇ ಬಿಟ್ಟಿದ್ದೆ ಮಾರಾಯ. ಬೇಕಾದ್ರೆ ಯಾರನ್ನಾದ್ರೂ ಕೇಳು. ನಾನೇನು ತಿಂದ್ನಾ?”

ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಬೇಜಾರೂ ಆಗಲಿಲ್ಲ. ಹೊನ್ನಿ ಮಾತ್ರ ಒಳಗಿನಿಂದ, “ತಿಂದಿದ್ರೂ ಇಷ್ಟು ಪಾಪ ಇರ್ತಿರ್ಲಿಲ್ಲ,” ಅಂದಳು. ಜಟ್ಟಿ ಕೇಳಿಸದವನಂತೆ ಎಲೆ ಅಡಿಕೆ ಹಾಕಿಕೊಂಡ.

ನಂಗು ಕಡಲಮ್ಮನ ಹತ್ತಿರ ಹೋದ. “ನ್ಯಾಯ ಕೊಡು.”

ಕಡಲಮ್ಮ ತನ್ನ ಅಲೆಗಳನ್ನು ತಗ್ಗಿಸಿದಳು. “ಹೊಟ್ಟೆಗಿಂತ ಹೆಚ್ಚು ಕೊಂದವನ ದೋಣಿ ಮಗುಚಬಲ್ಲೆ ಮಗಾ. ಅದಕ್ಕೆ ನನ್ನಲ್ಲಿ ಕಟ್ಟಳೆ ಉಂಟು. ಆಟಕ್ಕೆ ಕೊಂದವನಿಗೆ ಎಂತ ಮಾಡೂದು, ನನಗೆ ಗೊತ್ತಿಲ್ಲ. ಹಾಕು ಅಂದವಳು ನಾನೇ.”

ಕೇಳಲು ಇನ್ನು ಯಾರೂ ಉಳಿದಿರಲಿಲ್ಲ. ನಂಗು ತಳಕ್ಕೆ ಹೋಗಿ, ತಂಗಿಯ ಪಕ್ಕದಲ್ಲಿ ಒಂದು ಕೆನ್ನೆಯನ್ನು ಮರಳಿಗೊತ್ತಿ ಮಲಗಿದ. ಮತ್ತೆ ನೆಟ್ಟಗಾಗಲೇ ಇಲ್ಲ.

ಊಟ ಮುಗಿಸಿ ಜನ ಬಂದರು. ಮೇಲಿನಿಂದ ಗಾಳಗಳು ಮತ್ತೆ ಇಳಿದವು. ನಂಗುವಿಗೆ ಈಗ ಅವನ್ನೆಲ್ಲ ನೋಡುತ್ತಿರಬೇಕಿತ್ತು. ಎಲ್ಲಿ ದಾರ, ಎಲ್ಲಿ ಕೊಕ್ಕೆ, ಯಾವ ಕೈ ಯಾವ ಕಡೆ. ಅದಕ್ಕೆ ಒಂದು ಕಣ್ಣು ಸಾಲಲಿಲ್ಲ. ಕೆಳಗಿನ ಕಣ್ಣು ಮರಳಿನಲ್ಲಿ ಉರಿಯುತ್ತ, ಇಷ್ಟಿಷ್ಟೇ ಸರಿಯುತ್ತ, ಹಣೆಯನ್ನು ಹತ್ತಿ ದಾಟಿ ಇನ್ನೊಂದು ಕಣ್ಣಿನ ಪಕ್ಕಕ್ಕೆ ಬಂದು ನಿಂತಿತು. ಬಿಡ್ತಾನೆ, ಬಿಡ್ತಾನೆ ಅಂದಿದ್ದ ಬಾಯಿ ಸೊಟ್ಟಗಾಯಿತು.

“ನೋವಾಗ್ತದೆ ಮಗಾ, ಕಣ್ಣು ಕೆಳಗಿಳಿಸು,” ಅಂದಳು ಕಡಲಮ್ಮ.

“ಇಳಿಸೂದಿಲ್ಲ,” ಅಂದ ನಂಗು.

ಕಡಲಮ್ಮ ಅವನ ಮೇಲೆ ಒಂದು ಹಿಡಿ ಮರಳು ಎರಚಿ, ಮರಳಿನ ಬಣ್ಣ ಕೊಟ್ಟಳು. ಅಷ್ಟು ಮಾತ್ರ ಅವಳ ಕೈಲಾದದ್ದು.

ನಂಗುವಿನ ಮರಿಗಳು ಈಗಲೂ ನೆಟ್ಟಗೇ ಹುಟ್ಟುತ್ತವೆ. ಆ ಕಡೆ ಒಂದು ಕಣ್ಣು, ಈ ಕಡೆ ಒಂದು ಕಣ್ಣು. ಕೆಲವು ವಾರ ಎಲ್ಲರನ್ನೂ ನಂಬಿ ಈಜುತ್ತವೆ. ಆಮೇಲೆ ಯಾರೂ ಹೇಳಿಕೊಡದೆ ಒಂದು ಕಣ್ಣು ಸರಿಯಲು ಶುರುವಾಗುತ್ತದೆ.

ಅದಕ್ಕೇ ಮಗಾ, ಇವತ್ತು ನೀನು ಮೀನಿನ ಬುಟ್ಟಿಯಲ್ಲಿ ನೋಡುವ ನಂಗು ಮೀನಿಗೆ ಬಾಯಿ ಸೊಟ್ಟ, ಎರಡು ಕಣ್ಣೂ ಒಂದೇ ಕಡೆ, ಮತ್ತು ಸತ್ತ ಮೇಲೂ ಅವು ಮುಚ್ಚದೆ ನಮ್ಮ ಕೈಯನ್ನೇ ನೋಡುತ್ತಿರುತ್ತವೆ.