ಬಿಟ್ಟಿ ದೋಣಿ

"ಗುರುಗಳೇ, ನಾನು ಯಾರ ಪರವಾಗಿ ವಾದಿಸುತ್ತೇನೋ ಆ ಜನರೇ ನನ್ನನ್ನು ಬಯ್ಯುತ್ತಾರೆ. ಒಂದು ದಿನವಾದರೂ ಅವರ ಬಾಯಿಂದ ಒಂದು ಒಳ್ಳೆಯ ಮಾತು ಕೇಳಬೇಕೆಂದು ಜೀವ ಹಂಬಲಿಸುತ್ತದೆ. ಹಾಗೆ ಹಂಬಲಿಸುವುದು ತಪ್ಪೇ?"

ಕೇಳಿದವನು ಇಂದುಧರ, ಸರ್ಕಾರಿ ವಕೀಲ. ವ್ಯಾಪಾರಿಗಳು ಒಳಗೊಳಗೇ ಒಂದಾಗಿ ಬೆಲೆ ಏರಿಸದಂತೆ, ದೊಡ್ಡ ಅಂಗಡಿ ಸಣ್ಣ ಅಂಗಡಿಯನ್ನು ನುಂಗದಂತೆ, ಕೊಳ್ಳುವವರಿಗೆ ಮೋಸವಾಗದಂತೆ ನ್ಯಾಯಾಲಯದಲ್ಲಿ ವಾದಿಸುವುದು ಅವನ ಕೆಲಸ. ಸರ್ಕಾರ ಈಗ ಅವನನ್ನು ಆ ವಿಭಾಗಕ್ಕೇ ಹಿರಿಯ ವಕೀಲನನ್ನಾಗಿ ಮಾಡಲು ಹೊರಟಿತ್ತು. ಒಪ್ಪಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಹಿಂದಿನ ವಾರವಷ್ಟೇ ಒಂದು ದೊಡ್ಡ ಕಂಪನಿಯ ಬಿಟ್ಟಿ ಕೊಡುಗೆಯೊಂದಕ್ಕೆ ತಡೆ ತಂದಿದ್ದ. ಸ್ವಂತ ಅಕ್ಕನೇ ಫೋನ್ ಮಾಡಿ, "ಬಡವರಿಗೆ ಸಿಗುತ್ತಿದ್ದದ್ದನ್ನು ತಪ್ಪಿಸಿದೆಯಲ್ಲೋ, ನಿನಗೇನು ಬಂತು?" ಎಂದು ಕೇಳಿದ್ದಳು.

ಗುರುಗಳು ನಕ್ಕರು. "ಕೋರ್ಟಿನಲ್ಲಿ ದಿನವಿಡೀ ಮಾತಾಡುವವನಿಗೆ ಒಂದು ಮಾತಿಗೆ ಬರ ಬಂತೇ! ಕೂತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವ ತನಕ ಅಡ್ಡ ಪ್ರಶ್ನೆ ಹಾಕಬೇಡ, ಆ ಚಾಳಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬಾ" ಎಂದು ಹೇಳಿ ಶುರುಮಾಡಿದರು.

ಒಂದು ಹೊಳೆ. ಈಚೆ ಪಟ್ಟಣ, ಆಚೆ ಹಳ್ಳಿ. ನಡುವೆ ಸೇತುವೆ ಇರಲಿಲ್ಲ. ಅಂಬಿಗರು ಹರಿಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದರು. ದಾಟಿಸಿದ್ದಕ್ಕೆ ಒಂದು ಬೊಗಸೆ ಜೋಳ ಪಡೆಯುತ್ತಿದ್ದರು.

ಪಟ್ಟಣದ ಅರಸ ಒಬ್ಬ ವಕೀಲನನ್ನು ಇಟ್ಟಿದ್ದ. ಮಾರುವವನಿಗೆ ಬಾಯಿ ಇದೆ, ಹಣ ಇದೆ, ಅರಮನೆಯಲ್ಲಿ ನೆಂಟರಿದ್ದಾರೆ. ಕೊಳ್ಳುವವನಿಗೆ ಯಾರಿದ್ದಾರೆ? ಅವನ ಪರವಾಗಿ ಮಾತಾಡುವುದು ಈ ವಕೀಲನ ಕೆಲಸ. ಒಂದು ವರ್ಷ ಹೊಳೆ ತುಂಬಿದಾಗ ಅಂಬಿಗರೆಲ್ಲ ಒಂದಾದರು. ಇನ್ನು ಮೇಲೆ ಎರಡು ಬೊಗಸೆ ಕೊಡದೆ ಯಾರನ್ನೂ ಹತ್ತಿಸುವುದಿಲ್ಲ ಎಂದರು. ವಕೀಲ ಅರಸನ ಮುಂದೆ ವಾದಿಸಿ ಆ ಒಪ್ಪಂದ ಮುರಿದ. ಅಂದಿನಿಂದ ಅಂಬಿಗರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಜನವಾದರೂ ಹೊಗಳಿದರೇ? ಎಲ್ಲಿಯ ಮಾತು! ಮೊದಲು ಒಂದು ಬೊಗಸೆ ಇತ್ತು, ಈಗಲೂ ಒಂದು ಬೊಗಸೆ ಇದೆ, ಇವನು ಮಾಡಿದ್ದೇನು ಎಂದರು.

ವಕೀಲನಿಗೆ ಒಬ್ಬಳೇ ಮಗಳು. ತಾಯಿ ಇಲ್ಲದ ಮಗು, ಅವನೇ ಎತ್ತಿ ಆಡಿಸಿ ಬೆಳೆಸಿದ್ದ. ಹೊಳೆಯಾಚೆಯ ಹಳ್ಳಿಗೆ ಅವಳನ್ನು ಕೊಟ್ಟಿದ್ದ. ಆ ಮನೆಯಲ್ಲಿ ಉಣ್ಣುವ ಬಾಯಿ ಹೆಚ್ಚು, ಜೋಳ ಕಡಿಮೆ. ತವರಿಗೆ ಹೋಗಿ ಬರಲು ಜೋಳ ಕೊಡಿ ಎಂದರೆ ಅತ್ತೆ ಕೊಟ್ಟಾಳೆಯೇ? ನಾನೇ ಕಳಿಸುತ್ತೇನೆ ಎಂದು ಅಪ್ಪ ಹೇಳಿದರೆ ಅದಕ್ಕೂ ಅವಳು ಒಪ್ಪಳು. ಬೀಗರ ಜೋಳದಲ್ಲಿ ಸೊಸೆಯನ್ನು ಕಳಿಸಿದರೆ ನಮ್ಮ ಮನೆಯ ಮರ್ಯಾದೆ ಏನಾಗಬೇಕು ಎನ್ನುವಳು. ಹಾಗಾಗಿ ಮಗಳು ವರ್ಷಕ್ಕೊಮ್ಮೆ ಪಂಚಮಿಗೆ ಬರುತ್ತಿದ್ದಳು. ಉಳಿದ ದಿನಗಳಲ್ಲಿ ವಕೀಲ ಸಂಜೆ ಹೊಳೆಯ ದಂಡೆಗೆ ಹೋಗಿ ನಿಲ್ಲುತ್ತಿದ್ದ. ಆಚೆ ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರಲ್ಲಿ ತನ್ನ ಮಗಳು ಯಾರೆಂದು ಅಷ್ಟು ದೂರದಿಂದ ಗುರುತು ಹತ್ತುತ್ತಿರಲಿಲ್ಲ. ಆದರೂ ನೋಡುತ್ತಿದ್ದ.

ಹೀಗಿರುವಾಗ ಒಬ್ಬ ವ್ಯಾಪಾರಿ ಬಂದ. ದೊಡ್ಡ ದೋಣಿ ಕಟ್ಟಿಸಿದ. ಯಾರು ಬೇಕಾದರೂ ಹತ್ತಿ, ಕಾಳು ಬೇಡ ಕಾಸು ಬೇಡ ಎಂದು ಡಂಗುರ ಹೊಡೆಸಿದ. ಜನ ಬಿಟ್ಟಾರೆಯೇ! ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನಮ್ಮದು. ದೋಣಿ ತುಂಬಿ ತುಳುಕಿತು. ಹಳ್ಳಿಯ ಸೊಸೆಯಂದಿರೆಲ್ಲ ತವರಿನ ಮುಖ ಕಂಡರು.

ವಕೀಲನ ಮಗಳೂ ಬಂದಳು. ಸೋಮವಾರ ಸೋಮವಾರ ಬರತೊಡಗಿದಳು. ರೊಟ್ಟಿ ಬಡಿದಳು, ಅಪ್ಪನ ತಲೆಗೆ ಎಣ್ಣೆ ತಟ್ಟಿದಳು, ಅತ್ತೆಯ ಮೇಲಿನ ದೂರನ್ನೆಲ್ಲ ಹೇಳಿ ಹೇಳಿ ನಕ್ಕಳು. ವಕೀಲ ಭಾನುವಾರದಿಂದಲೇ ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದ. ಹೆಂಡತಿ ಹೋದ ಮೇಲೆ ಅಂಥ ಸುಖವನ್ನು ಅವನು ಕಂಡಿರಲಿಲ್ಲ, ಮಗೂ.

ಇತ್ತ ಹರಿಗೋಲು ಹತ್ತುವವರಿಲ್ಲ. ಅಂಬಿಗರಿಗೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿಯಾಯಿತು. ವ್ಯಾಪಾರಿ ಅವರನ್ನು ಕರೆದು, ಪಾಪ, ನಿಮ್ಮ ಹರಿಗೋಲನ್ನು ನಾನೇ ಕೊಳ್ಳುತ್ತೇನೆ ಎಂದ. ಒಳ್ಳೆಯ ಬೆಲೆಯನ್ನೇ ಕೊಟ್ಟ. ಒಬ್ಬೊಬ್ಬರಾಗಿ ಮಾರಿದರು, ಧರ್ಮಾತ್ಮ ಎಂದು ಅವರೂ ಕೈಮುಗಿದರು.

ಒಂದು ದಿನ ವಕೀಲ ವ್ಯಾಪಾರಿಯ ಹಿತ್ತಲಿನ ಪಕ್ಕ ಹಾದು ಹೋಗುತ್ತಿದ್ದ. ಒಳಗೆ ಆಳುಗಳು ಹರಿಗೋಲುಗಳನ್ನು ಒಡೆಯುತ್ತಿದ್ದರು. ತೊಗಲನ್ನು ಕಿತ್ತು ಚಪ್ಪಲಿ ಹೊಲಿಯುವವರಿಗೆ ಕೊಡುತ್ತಿದ್ದರು, ಬಿದಿರನ್ನು ಒಲೆಗೆ ಒಟ್ಟುತ್ತಿದ್ದರು. ವಕೀಲ ನಿಂತುಬಿಟ್ಟ. ಜನರನ್ನು ದಾಟಿಸಬೇಕು ಎನ್ನುವವನು ಹರಿಗೋಲನ್ನು ಯಾಕೆ ಸುಡುತ್ತಾನೆ? ಕೊನೆಯ ಹರಿಗೋಲೂ ಉರಿದು ಹೋದ ಮೇಲೆ ಹೊಳೆಯಲ್ಲಿ ಉಳಿಯುವುದು ಇವನ ದೋಣಿ ಒಂದೇ. ಆಗ ಇವನು ಕೇಳಿದ್ದೇ ಕೂಲಿ. ಬೊಗಸೆಯಲ್ಲ, ಮೂಟೆ ಕೇಳಿದರೂ ಜನ ಕೊಡಲೇಬೇಕು.

ವಕೀಲನಿಗೆ ಎಲ್ಲ ತಿಳಿಯಿತು. ತಿಳಿದೂ ಸುಮ್ಮನಿದ್ದ. ಈ ಸೋಮವಾರ ಕಳೆಯಲಿ ಎಂದುಕೊಂಡ. ಮಗಳು ಬಂದಳು, ಹೋದಳು. ಮುಂದಿನ ಸೋಮವಾರವೂ ಕಳೆಯಲಿ ಎಂದುಕೊಂಡ. ಇತ್ತ ದರಿ, ಅತ್ತ ಪುಲಿ. ನಗಬೇಡ, ಅವನ ಜಾಗದಲ್ಲಿ ನೀನಿದ್ದರೂ ಅದನ್ನೇ ಮಾಡುತ್ತಿದ್ದೆ, ನಾನೂ ಅದನ್ನೇ ಮಾಡುತ್ತಿದ್ದೆ. ವ್ಯಾಪಾರಿಯ ಹಿತ್ತಲಲ್ಲಿ ಮಾತ್ರ ಹೊಗೆ ನಿಲ್ಲಲಿಲ್ಲ.

ಹೊಳೆಯಲ್ಲಿ ಬೆರಳೆಣಿಕೆಯಷ್ಟು ಹರಿಗೋಲು ಉಳಿದಾಗ ವಕೀಲ ಬಾಯಿ ಬಿಟ್ಟ. ಮಗಳು ತಲೆಗೆ ಎಣ್ಣೆ ತಟ್ಟುತ್ತಿದ್ದಳು.

"ನಾಳೆ ಆ ದೋಣಿಯ ಮೇಲೆ ಅರಸನಿಗೆ ದೂರು ಕೊಡುತ್ತೇನೆ, ತಾಯೀ."

ಮಗಳ ಕೈ ನಿಂತಿತು. "ಯಾರೋ ಪುಣ್ಯಾತ್ಮ ಬಿಟ್ಟಿ ದಾಟಿಸುತ್ತಿದ್ದಾನೆ. ಅದರಲ್ಲಿ ನಿನ್ನ ಗಂಟೇನು ಹೋಗುತ್ತದೆ, ಅಪ್ಪಾ?"

"ಇವತ್ತು ಬಿಟ್ಟಿ. ಹರಿಗೋಲು ಮುಗಿದ ಮೇಲೆ ಬಿಟ್ಟಿ ಇರುವುದಿಲ್ಲ."

"ಅದು ಯಾವತ್ತೋ ಆಗುವ ಮಾತು. ನಾನು ಬರುವುದು ಬರುವ ಸೋಮವಾರ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಮರುದಿನ ಅವನು ಅರಸನ ಮುಂದೆ ನಿಂತ. "ಮಹಾರಾಜ, ಹರಿಗೋಲು ಕೊಂಡವನು ಅದನ್ನು ನೀರಿಗೆ ಬಿಡುತ್ತಾನೆ. ಇವನು ಒಲೆಗೆ ಹಾಕುತ್ತಿದ್ದಾನೆ. ಯಾಕೆಂದು ಇವನನ್ನೇ ಕೇಳಿ" ಎಂದ. ಅರಸ ಕೇಳಿದ. ವ್ಯಾಪಾರಿ ಧರ್ಮದ ಮಾತು ಬಹಳ ಆಡಿದ, ಒಲೆಯ ಮಾತು ಮಾತ್ರ ಆಡಲಿಲ್ಲ. ಅರಸ ತೀರ್ಪು ಕೊಟ್ಟ. ವ್ಯಾಪಾರಿ ಇನ್ನು ದೋಣಿ ನಡೆಸಲು ತಗಲುವಷ್ಟು ಕೂಲಿಯನ್ನಾದರೂ ಪಡೆಯಬೇಕು, ಒಡೆಯದೆ ಉಳಿದ ಹರಿಗೋಲುಗಳನ್ನು ಅಂಬಿಗರಿಗೆ ಹಿಂದಕ್ಕೆ ಕೊಡಬೇಕು ಎಂದ. ವ್ಯಾಪಾರಿಗೆ ಬೇಕಾಗಿದ್ದದ್ದು ಕೂಲಿಯಲ್ಲ. ಅವನು ದೋಣಿ ಮಾರಿ ಬೇರೆ ಊರಿನ ಹೊಳೆ ಹುಡುಕಿಕೊಂಡು ಹೋದ.

ಜನ ಹಿಡಿಶಾಪ ಹಾಕಿದರು. ಧರ್ಮಾತ್ಮನನ್ನು ಓಡಿಸಿದ ಪಾಪಿ ಎಂದರು. ದಂಡೆಯಲ್ಲಿ ಒಬ್ಬ ಮುದುಕಿ ಮಣ್ಣು ತೂರಿದಳು. ವಕೀಲ ಅದನ್ನೆಲ್ಲ ತಾಳಿಕೊಂಡ. ಸೋಮವಾರ ಬಂತು, ಮಗಳು ಬರಲಿಲ್ಲ. ಅದನ್ನು ತಾಳಿಕೊಳ್ಳಲು ಅವನಿಂದ ಆಗಲಿಲ್ಲ.

ಅವನೇ ಹೋಗಬಹುದಿತ್ತಲ್ಲ ಎನ್ನುತ್ತೀಯಾ? ಹೋದ. ಮಗಳು ಕುಡಿಯಲು ನೀರು ಕೊಟ್ಟಳು, ಬೆಲ್ಲ ಕೊಡಲಿಲ್ಲ. "ನಿನ್ನ ಅತ್ತೆಯ ಕಾಲು ಹಿಡಿದಾದರೂ ಒಪ್ಪಿಸುತ್ತೇನೆ, ಜೋಳ ನಾನು ಕೊಡುತ್ತೇನೆ, ಬಾ ತಾಯೀ" ಎಂದ. ಅವಳು, "ಈ ಊರಿನ ಸೊಸೆಯಂದಿರೆಲ್ಲ ತವರು ಬಿಟ್ಟು ಕೂತಿದ್ದಾರೆ. ನಾನೊಬ್ಬಳು ಯಾವ ಮುಖ ಹೊತ್ತು ಹರಿಗೋಲು ಹತ್ತಲಿ, ಅಪ್ಪಾ?" ಎಂದಳು. ಅವನು ನೀರು ಕುಡಿದು ಎದ್ದು ಬಂದ. ಪಂಚಮಿಗೆ ಅವಳು ಬಂದಳು, ಉಂಡಳು, ಹೋದಳು. ಎಣ್ಣೆಯ ಬಟ್ಟಲನ್ನು ಅವನು ಬೆಳಗ್ಗೆಯೇ ಎದುರಿಗೆ ತೆಗೆದಿಟ್ಟಿದ್ದ. ಅವಳು ಅದರ ಕಡೆ ನೋಡಲಿಲ್ಲ.

ವರ್ಷಗಳು ಕಳೆದವು. ಅಂಬಿಗರು ಹೆಚ್ಚಿದರು. ನನ್ನ ಹರಿಗೋಲಿಗೆ ಬಾ, ನನ್ನ ಹರಿಗೋಲಿಗೆ ಬಾ ಎಂದು ಒಬ್ಬರ ಮೇಲೊಬ್ಬರು ಕೂಗತೊಡಗಿದರು. ಕೂಲಿ ಬೊಗಸೆಯಿಂದ ಒಂದು ಹಿಡಿ ಜೋಳಕ್ಕೆ ಇಳಿಯಿತು. ಒಂದು ಹಿಡಿಗೆ ಯಾವ ಅತ್ತೆಯೂ ಇಲ್ಲ ಎನ್ನಲಿಲ್ಲ, ಸೊಸೆಯಂದಿರು ಬೇಕೆಂದಾಗ ತವರಿಗೆ ಹೋಗಿ ಬಂದರು. ಆದರೆ ವಕೀಲನ ಮಗಳು ಅಷ್ಟರಲ್ಲಿ ತಾನೇ ಅತ್ತೆಯಾಗಿದ್ದಳು. ಮನೆ, ಮಕ್ಕಳು, ಮೊಮ್ಮಕ್ಕಳು, ಬಿಡುವೆಲ್ಲಿ? ಅಪರೂಪಕ್ಕೆ ಬಂದರೆ, ಆ ಪುಣ್ಯಾತ್ಮ ಇದ್ದಿದ್ದರೆ ಈ ಹಿಡಿ ಜೋಳವೂ ಉಳಿಯುತ್ತಿತ್ತು ಎನ್ನುವಳು. ವಕೀಲ ಹೂಂ ಎನ್ನುವನು.

ಮುದುಕನಾದ ಮೇಲೂ ಅವನು ದಂಡೆಗೆ ಹೋಗುವುದನ್ನು ಬಿಡಲಿಲ್ಲ. ಒಂದು ಸಂಜೆ ಒಬ್ಬಳು ಎಳೆಯ ಸೊಸೆ ಅಂಬಿಗನ ಜೊತೆ ಜಗಳಕ್ಕೆ ನಿಂತಿದ್ದಳು. "ಅರ್ಧ ಹಿಡಿಗೆ ಬರುವುದಾದರೆ ಬಾ. ಇಲ್ಲದಿದ್ದರೆ ಬಿಡು, ಅಗೋ ಅವನ ಹರಿಗೋಲಿಗೆ ಹೋಗುತ್ತೇನೆ" ಎಂದು ಗಂಟು ಎತ್ತಿಕೊಂಡು ನಡೆದೇಬಿಟ್ಟಳು. ಅಂಬಿಗ ಗೊಣಗುತ್ತ ಹಿಂದೆ ಓಡಿ ಅವಳನ್ನು ಕರೆತಂದು ಹತ್ತಿಸಿಕೊಂಡ. ಕೂತ ಮೇಲೆ ಅವಳು ಪಕ್ಕದವಳಿಗೆ ಹೇಳಿದಳು, "ಹಿಂದೆ ಬಿಟ್ಟಿ ದೋಣಿ ಇತ್ತಂತೆ ಕಣೇ. ಯಾವನೋ ವಕೀಲ ತಪ್ಪಿಸಿದನಂತೆ. ಅವನ ಮನೆ ಹಾಳಾಗ."

ಆ ವಕೀಲ ನಾನೇ ಎಂದು ಕೂಗಬೇಕೆನಿಸಿತು ಅವನಿಗೆ. ನೀನು ಈಗ ಗಂಟು ಎತ್ತಿಕೊಂಡು ನಡೆದೆಯಲ್ಲ, ಹಾಗೆ ನಡೆಯಲು ನಿನಗೆ ಇನ್ನೊಂದು ಹರಿಗೋಲು ಇತ್ತಲ್ಲ ತಾಯೀ ಎಂದು ಹೇಳಬೇಕೆನಿಸಿತು. ಮಾತು ನಾಲಿಗೆಯ ತನಕ ಬಂತು. ಹರಿಗೋಲು ಆಚೆ ದಡ ಮುಟ್ಟುವ ತನಕ ನೋಡಿ ಮನೆಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಇಂದುಧರ ತಲೆ ತಗ್ಗಿಸಿ ಕೂತಿದ್ದ. ಅವನ ಮನಸ್ಸು ಆ ತೆಗೆದಿಟ್ಟ ಎಣ್ಣೆಯ ಬಟ್ಟಲಿನ ಹತ್ತಿರವೇ ನಿಂತುಬಿಟ್ಟಿತ್ತು. ತಲೆ ಎತ್ತಿ ಕೇಳಿದ.

"ಅಪ್ಪ ಮಾಡಿದ್ದೇ ಸರಿ ಎಂದು ಆ ಮಗಳಿಗೆ ಒಂದು ದಿನವಾದರೂ ತಿಳಿಯಿತೇ, ಗುರುಗಳೇ?"

"ಹೊಳೆಯಲ್ಲಿ ಒಂದೇ ದೋಣಿ ಉಳಿದು ಮೂಟೆ ಜೋಳ ಕೇಳಿದ್ದರೆ ತಿಳಿಯುತ್ತಿತ್ತು. ಅವಳಿಗೆ ಅದು ತಿಳಿಯುವಂಥ ದಿನ ಎಂದೂ ಬಾರದಿರಲಿ ಎಂದೇ ಅವನು ವಾದಿಸಿದ್ದು, ಮಗೂ."